ಹೊಯ್ಸಳ ಶಿಲ್ಪಶಾಲೆಯ ಸಮೂಹಪ್ರತಿಭೆ: ರೂವಾರಿಗಳ ಅಂಕಿತಗಳನ್ನು ಕುರಿತ ಒಂದು ವಿಮರ್ಶೆ

ಹೊಯ್ಸಳರ ದೇವಾಲಯಗಳನ್ನು ಕೊಂಡಾಡುವವರಲ್ಲಿ ಬಹುಕಾಲದಿಂದ ಎರಡು ಪದ್ಧತಿಗಳು ನೆಲೆನಿಂತಿವೆ. ಕೆಲವರು ಬೇಲೂರು ಹಳೆಯಬೀಡುಗಳ ಸಮಸ್ತ ವೈಭವವನ್ನೂ ಜಕಣಾಚಾರಿಯೆಂಬ ಒಬ್ಬನೇ ಶಿಲ್ಪಿಯ ಕೈವಾಡವೆಂದು ಹೇಳಿ ಕೈಮುಗಿಯುತ್ತಾರೆ. ಮತ್ತೆ ಕೆಲವರು, ಭಾರತೀಯ ಶಿಲ್ಪಿಯು ಹೆಸರನ್ನು ಬಯಸಿದವನಲ್ಲ, ತನ್ನ ಕೃತಿಯನ್ನು ದೇವರಿಗೊಪ್ಪಿಸಿ ತಾನು ಮರೆಯಾದವನು ಎಂದು ಹೇಳಿ, ಅದೇ ವೈಭವವನ್ನು ಹೆಸರಿಲ್ಲದ ಒಂದು ಭಕ್ತಸಮುದಾಯದ ಪಾಲಿಗೆ ಬಿಡುತ್ತಾರೆ. ಈ ಎರಡು ಮಾತುಗಳೂ ಪರಸ್ಪರ ವಿರುದ್ಧವಾಗಿ ತೋರಿದರೂ ಒಂದು ವಿಷಯದಲ್ಲಿ ಸಮಾನವಾಗಿವೆ. ಅನೇಕರು ಒಂದೆಡೆ ಕೂಡಿ ಕೆಲಸಮಾಡುವಾಗ ಅವರ ಪ್ರತಿಭೆಯು ಹೇಗೆ ಬೆಳೆಯಿತು, ಅದನ್ನು ಯಾರು ಯಾವ ರೀತಿಯಲ್ಲಿ ನಡೆಸಿದರು ಎಂಬ ಪ್ರಶ್ನೆಯನ್ನು ಎರಡೂ ಕೇಳುವುದಿಲ್ಲ. ಎಲ್ಲವೂ ಒಬ್ಬನದೇ ಆದಲ್ಲಿ ನಡೆಸುವಿಕೆಯ ಪ್ರಶ್ನೆಯೇ ಏಳದು. ಯಾರದೂ ಅಲ್ಲವೆಂದಲ್ಲಿಯೂ ಅದು ಏಳದು.

ಆದರೆ ಈ ಪ್ರಶ್ನೆಗೆ ಉತ್ತರವು ಕಲ್ಲಿನ ಮೇಲೆಯೇ ಇದೆ. ಹೊಯ್ಸಳ ದೇವಾಲಯಗಳ ವಿಗ್ರಹಗಳ ಪೀಠಗಳಲ್ಲಿ ಅವುಗಳನ್ನು ಕಡೆದವರ ಹೆಸರುಗಳು ಹೇರಳವಾಗಿ ದೊರೆಯುತ್ತವೆ. ಭಾರತದ ಪ್ರಾಚೀನ ವಾಸ್ತುವಿನಲ್ಲಿ ಇಷ್ಟು ಸಮೃದ್ಧವಾದ ಶಿಲ್ಪಿಗಳ ಅಂಕಿತಗಳು ಅಪರೂಪ. ಈ ಅಂಕಿತಗಳನ್ನು ಕೇವಲ ಹೆಸರುಗಳ ಪಟ್ಟಿಯೆಂದು ಎಣಿಸದೆ, ಒಂದು ಕಾರ್ಯಶಾಲೆಯ ನಡವಳಿಕೆಗೆ ಸಾಕ್ಷ್ಯವೆಂದು ಓದಿದಲ್ಲಿ, ದೇವಾಲಯದ ಸೌಂದರ್ಯವನ್ನು ಕುರಿತ ವಿಮರ್ಶೆಯೇ ಬೇರೆಯಾಗುತ್ತದೆ. ಹಾಗೆ ಓದುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಸಾಕ್ಷ್ಯದ ಸ್ವರೂಪವನ್ನು ತಿಳಿಯಬೇಕು. ಬೇಲೂರಿನ ಚೆನ್ನಕೇಶವ ದೇವಾಲಯವು ವಿಷ್ಣುವರ್ಧನನ ಕಾಲದಲ್ಲಿ ಕ್ರಿ.ಶ. ೧೧೧೭ರಲ್ಲಿ ಪ್ರತಿಷ್ಠಿತವಾಯಿತು. ಸೋಮನಾಥಪುರದ ಕೇಶವ ದೇವಾಲಯವು ಮೂರನೆಯ ನರಸಿಂಹನ ಕಾಲದಲ್ಲಿ ಸೋಮನಾಥ ದಂಡನಾಯಕನಿಂದ ಕ್ರಿ.ಶ. ೧೨೫೮ರಲ್ಲಿ ನಿರ್ಮಿತವಾಯಿತು. ಇವುಗಳ ನಡುವಣ ಸುಮಾರು ಒಂದೂವರೆ ಶತಮಾನದ ಅವಧಿಯಲ್ಲಿ ಎದ್ದ ಅನೇಕ ದೇವಾಲಯಗಳಲ್ಲಿ ಅಂಕಿತಗಳುಂಟು. ಮೈಸೂರು ಪ್ರಾಕ್ತನವಿಮರ್ಶೆಯ ಇಲಾಖೆಯ ಅಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರು ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಇವುಗಳಲ್ಲಿ ಬಹುಭಾಗವನ್ನು ಓದಿ ಪ್ರಕಟಿಸಿದರು. ಸೋಮನಾಥಪುರ, ಬೇಲೂರುಗಳನ್ನು ಕುರಿತ ಅವರ ಪುಸ್ತಕಗಳು ಇಂದಿಗೂ ಆಧಾರಗ್ರಂಥಗಳು. ಅನಂತರ ಎಸ್. ಷೆಟ್ಟರ್ ಮುಂತಾದ ವಿದ್ವಾಂಸರು ಶಿಲ್ಪಿಯ ಸಾಮಾಜಿಕ ಸ್ಥಾನವನ್ನು ಕುರಿತ ಚರ್ಚೆಯನ್ನು ಮುಂದುವರಿಸಿದರು. ಆದುದರಿಂದ ಸಾಮಗ್ರಿಯ ಕೊರತೆಯೆಂದು ಹೇಳುವಂತಿಲ್ಲ. ಅದನ್ನು ಉಪಯೋಗಿಸುವ ಬಗೆಯಲ್ಲಿ ಮಾತ್ರ ಕೊರತೆಯಿದೆ.

ಅಂಕಿತಗಳಲ್ಲಿ ಶಿಲ್ಪಿಗಳು ತಮ್ಮನ್ನು ‘ರೂವಾರಿ’ಗಳೆಂದು ಕರೆದುಕೊಂಡಿದ್ದಾರೆ. ಇದು ಸಂಸ್ಕೃತದ ‘ರೂಪಕಾರಿ’ ಎಂಬುದರ ತದ್ಭವ. ರೂಪವನ್ನು ಮಾಡುವವನು ಎಂದು ಅರ್ಥ. ಕಲ್ಲನ್ನು ಒಡೆಯುವವನಿಂದಲೂ ಕಟ್ಟುವವನಿಂದಲೂ ತನ್ನನ್ನು ಬೇರ್ಪಡಿಸಿಕೊಳ್ಳುವ ಹೆಸರಿದು. ಶಿಲ್ಪಶಾಸ್ತ್ರಗ್ರಂಥಗಳು ಕಟ್ಟಡದ ಕೆಲಸಗಾರರನ್ನು ಸ್ಥಪತಿ, ಸೂತ್ರಗ್ರಾಹಿ, ವರ್ಧಕಿ, ತಕ್ಷಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತವೆ. ಇವರಲ್ಲಿ ಸ್ಥಪತಿಯು ಸಮಸ್ತವನ್ನೂ ಯೋಜಿಸುವವನು, ಸೂತ್ರಗ್ರಾಹಿಯು ದಾರವನ್ನು ಹಿಡಿದು ಅಳತೆಯನ್ನು ನೆಲದ ಮೇಲೆ ಮೂಡಿಸುವವನು, ತಕ್ಷಕನು ಕಡೆಯುವವನು, ವರ್ಧಕಿಯು ಕಡೆದುದನ್ನು ಸೇರಿಸಿ ನಿಲ್ಲಿಸುವವನು. ಶಾಸ್ತ್ರದಲ್ಲಿ ಹೇಳಿದ ಕ್ರಮವೇ ಪ್ರತಿಯೊಂದು ಊರಿನಲ್ಲಿಯೂ ಅಕ್ಷರಶಃ ನಡೆಯಿತೆಂದು ಭಾವಿಸಬೇಕಾದುದಿಲ್ಲ. ಆದರೂ ಯೋಜಿಸುವವನ ಕೆಲಸವೂ ಕಡೆಯುವವನ ಕೆಲಸವೂ ಬೇರೆಬೇರೆ, ಆದರೆ ಒಂದರೊಳಗೊಂದು ಹೊಂದಿಕೊಳ್ಳಬೇಕಾದವು ಎಂಬ ತಿಳಿವಳಿಕೆಯು ಪ್ರಾಚೀನರಿಗೆ ಸ್ಪಷ್ಟವಾಗಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ.

ಇನ್ನು ಐತಿಹ್ಯವನ್ನು ಪರಿಶೀಲಿಸಬಹುದು. ಜಕಣಾಚಾರಿಯ ಕಥೆಯನ್ನು ಕನ್ನಡಿಗರಲ್ಲಿ ಅರಿಯದವರಿಲ್ಲ. ಬೇಲೂರಿನಲ್ಲಿ ಅವನು ಕಡೆದ ವಿಗ್ರಹದಲ್ಲಿ ದೋಷವಿದೆಯೆಂದು ಅಪರಿಚಿತನಾದ ಒಬ್ಬ ತರುಣನು ಹೇಳಿದನು; ವಿಗ್ರಹಕ್ಕೆ ಗಂಧವನ್ನು ಬಳಿದಾಗ ಹೊಕ್ಕುಳಿನ ಭಾಗವೊಂದನ್ನುಳಿದು ಎಲ್ಲೆಡೆಯೂ ಗಂಧ ಒಣಗಿತು; ಅಲ್ಲಿ ಒಡೆದು ನೋಡಲು ನೀರೂ ಕಪ್ಪೆಯೂ ಹೊರಬಂದವು; ಮಾತಿನಂತೆ ಆಚಾರಿಯು ತನ್ನ ಬಲಗೈಯನ್ನು ಕಡಿದುಕೊಂಡನು; ಆ ತರುಣನೇ ತನ್ನ ಮಗ ಡಂಕಣಾಚಾರಿಯೆಂದು ಬಳಿಕ ತಿಳಿಯಿತು; ಕೈದಾಳದಲ್ಲಿ ಕೇಶವನ ಗುಡಿಯನ್ನು ಕಟ್ಟಿದಮೇಲೆ ಅವನ ಕೈ ಮರಳಿ ಬಂದಿತು. ವಿಷ್ಣುವರ್ಧನನ ರಾಣಿ ಶಾಂತಲೆಯು ಪ್ರತಿಷ್ಠೆಮಾಡಿಸಿದ ಚೆನ್ನಿಗರಾಯನಿಗೆ ಕಪ್ಪೆ ಚೆನ್ನಿಗರಾಯನೆಂಬ ಹೆಸರು ಈ ಕಥೆಯ ಮೂಲಕ ನಿಂತಿದೆ. ಕಥೆಯು ರಮ್ಯವಾದುದು. ೧೯೬೪ರಲ್ಲಿ ಬಿ. ಎಸ್. ರಂಗಾ ಅವರು ಇದನ್ನು ‘ಅಮರಶಿಲ್ಪಿ ಜಕಣಾಚಾರಿ’ ಎಂಬ ಚಲನಚಿತ್ರವಾಗಿ ತೆಗೆದಮೇಲೆ ಅದು ಮನೆಮನೆಗೂ ಮುಟ್ಟಿತು. ಆದರೆ ಬೇಲೂರಿನ ಮದನಿಕೆಗಳ ಅಂಕಿತಗಳಲ್ಲಿ ಆ ಹೆಸರು ಇಲ್ಲ. ಅಲ್ಲಿ ಇರುವ ಹೆಸರುಗಳು ಬೇರೆ.

ಅವುಗಳಲ್ಲಿ ಎರಡು ಹೆಸರುಗಳು ವಿಶೇಷವಾಗಿ ಗಮನಿಸತಕ್ಕವು. ಬಳ್ಳಿಗಾವೆಯ ದಾಸೋಜನೆಂಬವನೂ ಅವನ ಮಗ ಚಾವಣನೂ ಬೇಲೂರಿನಲ್ಲಿ ಜೊತೆಯಾಗಿ ಕೆಲಸಮಾಡಿದರು. ಲೋವೆಯ ಕೆಳಗಿನ ಮದನಿಕಾವಿಗ್ರಹಗಳಲ್ಲಿ ನಾಲ್ಕು ತಂದೆಯವು, ಐದು ಮಗನವು ಎಂದು ಅಂಕಿತಗಳಿಂದ ತಿಳಿಯುತ್ತದೆ. ಐತಿಹ್ಯದಲ್ಲಿಯೂ ತಂದೆಮಕ್ಕಳಿದ್ದಾರೆ, ಶಾಸನದಲ್ಲಿಯೂ ತಂದೆಮಕ್ಕಳಿದ್ದಾರೆ. ಐತಿಹ್ಯದಲ್ಲಿ ಮಗನು ಗೆದ್ದರೆ ತಂದೆಯ ಕೈ ಹೋಗಬೇಕು. ಒಬ್ಬನ ಪ್ರತಿಭೆಯು ಮತ್ತೊಬ್ಬನ ಪ್ರತಿಭೆಯನ್ನು ಕಡಿದಲ್ಲದೆ ನಿಲ್ಲದು. ಶಾಸನದಲ್ಲಾದರೋ ಇಬ್ಬರೂ ಒಂದೇ ಸೂರಿನ ಕೆಳಗೆ ತಮ್ಮ ತಮ್ಮ ಕೃತಿಗಳಿಗೆ ತಮ್ಮ ತಮ್ಮ ಹೆಸರಿಟ್ಟು ನಿಂತಿದ್ದಾರೆ. ಮಗನ ಸಂಖ್ಯೆ ಹೆಚ್ಚಿದರೂ ತಂದೆಯ ಕೈಗೆ ಕೇಡಿಲ್ಲ. ಕನ್ನಡ ಜನತೆಯು ಈ ಎರಡು ಕಥೆಗಳಲ್ಲಿ ಮೊದಲನೆಯದನ್ನು ನೆನಪಿನಲ್ಲಿಟ್ಟುಕೊಂಡು ಎರಡನೆಯದನ್ನು ಮರೆತುದು ಸಾಮಾನ್ಯವಾದ ನಷ್ಟವಲ್ಲ. ಕೂಡಿ ಮಾಡುವ ಕೆಲಸವನ್ನು ಕುರಿತ ಒಂದು ಪಾಠವೇ ಅದರೊಡನೆ ಮರೆಯಾಯಿತು.

ಆ ಪಾಠವೇನೆಂಬುದನ್ನು ತಿಳಿಯಲು ಮದನಿಕೆಗಳ ರಚನೆಯನ್ನೇ ನೋಡಬೇಕು. ಬೇಲೂರಿನಲ್ಲಿ ಹೊರಗೆ ೩೮, ಒಳಗೆ ನವರಂಗದಲ್ಲಿ ೪, ಹೀಗೆ ಒಟ್ಟು ೪೨ ಮದನಿಕೆಗಳಿವೆ. ಕಂಬದ ತಲೆಗೂ ಲೋವೆಗೂ ನಡುವೆ ಓರೆಯಾಗಿ ನಿಲ್ಲುವ ಕಲ್ಲು; ಅದರ ಎತ್ತರ, ಅಗಲ, ಬಾಗು ಇವೆಲ್ಲವೂ ಕಟ್ಟಡದ ಲೆಕ್ಕದಿಂದ ಮೊದಲೇ ಗೊತ್ತಾದವು. ನಡುವೆ ಒಬ್ಬ ಸ್ತ್ರೀ, ಮೇಲೆ ಬಳ್ಳಿಯ ಮಂಟಪ, ಇಕ್ಕೆಲಗಳಲ್ಲಿ ಕಿರಿಯ ಪರಿಚಾರಿಕೆಯರು ಎಂಬುದೂ ಹೆಚ್ಚುಕಡಿಮೆ ಗೊತ್ತಾದುದೇ. ಇಷ್ಟು ಕಟ್ಟುಪಾಡಿನೊಳಗೆ ಒಬ್ಬಳು ಕನ್ನಡಿ ನೋಡುತ್ತಾಳೆ. ಒಬ್ಬಳು ಗಿಳಿಯೊಡನೆ ಮಾತಾಡುತ್ತಾಳೆ. ಒಬ್ಬಳು ಬಿಲ್ಲು ಹಿಡಿದು ಬೇಟೆಗೆ ನಿಂತಿದ್ದಾಳೆ. ಒಬ್ಬಳ ಸೀರೆಯ ಸೆರಗನ್ನು ಕೋತಿ ಎಳೆಯುತ್ತಿದೆ. ಒಬ್ಬಳು ವಾದ್ಯವನ್ನು ಬಾರಿಸುತ್ತ ಕುಣಿಯುತ್ತಾಳೆ. ಒಂದು ಮಂಟಪದ ಬಳ್ಳಿಯ ಹಣ್ಣಿನ ಮೇಲೆ ನೊಣವೊಂದು ಕುಳಿತಿದ್ದರೆ ಅದನ್ನು ಹಿಡಿಯಲು ಹಲ್ಲಿಯೊಂದು ಹೊಂಚುತ್ತಿದೆ. ಆ ನೊಣವನ್ನೂ ಹಲ್ಲಿಯನ್ನೂ ಯೋಜಕನು ತನ್ನ ಲೆಕ್ಕದಲ್ಲಿ ಬರೆದಿದ್ದನೆಂದು ಯಾರೂ ಹೇಳಲಾರರು. ಅದು ಕಡೆಯುವವನ ಕೈಗೆ ಆ ಗಳಿಗೆಯಲ್ಲಿ ಹೊಳೆದುದು. ಆದರೆ ಅದು ಹೊಳೆಯುವುದಕ್ಕೆ ಬೇಕಾದ ಎಡೆಯನ್ನು ಬಿಟ್ಟವನು ಯೋಜಕನು.

ಹೀಗೆ ಸಾಮಾನ್ಯವಾಗಿರಬೇಕಾದುದನ್ನು ದೃಢವಾಗಿ ಗೊತ್ತುಪಡಿಸಿ, ಉಳಿದುದನ್ನು ಧಾರಾಳವಾಗಿ ಬಿಟ್ಟುಕೊಡುವುದೇ ಈ ಕಾರ್ಯಶಾಲೆಯ ಮೂಲಸೂತ್ರವೆಂದು ತೋರುತ್ತದೆ. ಬರಿಯ ಸ್ವಾತಂತ್ರ್ಯವಿದ್ದಲ್ಲಿ ೪೨ ಕಲ್ಲುಗಳು ೪೨ ದಿಕ್ಕಿಗೆ ಎಳೆದು ಲೋವೆಯ ಸಾಲು ಒಡೆಯುತ್ತಿತ್ತು. ಬರಿಯ ಕಟ್ಟಳೆಯಿದ್ದಲ್ಲಿ ಒಂದೇ ವಿಗ್ರಹವು ೪೨ ಬಾರಿ ಬರುತ್ತಿತ್ತು. ಎರಡೂ ಆಗಲಿಲ್ಲ. ದೂರದಿಂದ ನೋಡುವವನಿಗೆ ಸಾಲೊಂದೇ ಕಾಣುತ್ತದೆ. ಹತ್ತಿರ ಬಂದವನಿಗೆ ಪ್ರತಿಯೊಂದೂ ಬೇರೆಯಾಗಿ ಕಾಣುತ್ತದೆ.

ಈ ಸೂತ್ರವು ಮದನಿಕೆಗಳಲ್ಲಿ ಮಾತ್ರವಲ್ಲದೆ ದೇವಾಲಯದ ತಳವಿನ್ಯಾಸದಲ್ಲಿಯೇ ಅಡಗಿದೆಯೆಂಬುದು ಹೆಚ್ಚಿನ ಆಲೋಚನೆಗೆ ಯೋಗ್ಯವಾದ ವಿಷಯ. ನಕ್ಷತ್ರಾಕಾರದ ತಳವನ್ನು ಸಾಮಾನ್ಯವಾಗಿ ಅಲಂಕಾರವೆಂದೂ ನೆಳಲುಬೆಳಕಿನ ಆಟಕ್ಕಾಗಿ ಮಾಡಿದುದೆಂದೂ ವಿವರಿಸುತ್ತಾರೆ. ಅದು ನಿಜವೇ. ಆದರೆ ಕೆಲಸದ ದೃಷ್ಟಿಯಿಂದ ನೋಡಿದರೆ ಅದಕ್ಕೆ ಮತ್ತೊಂದು ಪ್ರಯೋಜನವುಂಟು. ಚಚ್ಚೌಕವಾದ ಗರ್ಭಗುಡಿಗೆ ಹೊರಗಡೆ ತೆರೆದಿರುವುವು ಮೂರು ಗೋಡೆಗಳು ಮಾತ್ರ. ಮೂರು ದೀರ್ಘವಾದ ಮುಖಗಳು. ಆ ಚೌಕವನ್ನು ಕೇಂದ್ರದ ಸುತ್ತ ತಿರುಗಿಸಿ ಮೂಲೆಗಳನ್ನು ಹೆಚ್ಚಿಸಿದರೆ ಗೋಡೆಯು ಅನೇಕ ಕಿರುಮುಖಗಳಾಗಿ ಒಡೆಯುತ್ತದೆ. ಸೋಮನಾಥಪುರದಲ್ಲಿ ಕೇಶವ, ಜನಾರ್ದನ, ವೇಣುಗೋಪಾಲರ ಮೂರು ವಿಮಾನಗಳೂ ಹದಿನಾರು ಮೂಲೆಗಳ ನಕ್ಷತ್ರಗಳು. ಒಂದೊಂದು ಮುಖವೂ ಒಂದೊಂದು ದೊಡ್ಡ ವಿಗ್ರಹಕ್ಕೆ ಸಾಲುವಷ್ಟು ಅಗಲ. ತನ್ನ ನೆರೆಯ ಮುಖಕ್ಕಿಂತ ಬೇರೆಯಾದ ದಿಕ್ಕಿಗೆ ತಿರುಗಿದುದು. ಎಂದರೆ, ನೆಲದ ಮೇಲೆ ದಾರವನ್ನೆಳೆದ ದಿನವೇ ಎಷ್ಟು ಜನ ರೂವಾರಿಗಳಿಗೆ ತಮ್ಮದೆಂದು ಹೇಳಿಕೊಳ್ಳಬಹುದಾದ ಸ್ಥಳ ದೊರೆಯಬಹುದೆಂಬುದು ನಿರ್ಧಾರವಾಯಿತು. ಸೂತ್ರಧಾರಿಯು ಎಳೆದ ಗೆರೆಯು ಗೋಡೆಯ ಗೆರೆಯೂ ಹೌದು, ಕೆಲಸದ ಹಂಚಿಕೆಯ ಗೆರೆಯೂ ಹೌದು.

ಇದಕ್ಕೆ ಕಲ್ಲಿನ ಸ್ವಭಾವವೂ ಒದಗಿತು. ಹೊಯ್ಸಳರು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಸೂಕ್ಷ್ಮವಾದ ಆಭರಣಗಳನ್ನು ಕಡೆಯಲು ಇದರಿಂದ ಸಾಧ್ಯವಾಯಿತೆಂಬುದು ಎಲ್ಲರೂ ಹೇಳುವ ಮಾತು. ಕೆಲಸದ ಕ್ರಮಕ್ಕೆ ಆದ ಅನುಕೂಲವನ್ನು ಹೇಳುವವರು ಕಡಮೆ. ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸುವ ಬಿಡಿಗಲ್ಲುಗಳಾದುದರಿಂದ ಅನೇಕರು ಏಕಕಾಲದಲ್ಲಿ ಬೇರೆಬೇರೆ ಕಲ್ಲುಗಳ ಮೇಲೆ ಕೈಮಾಡಬಹುದಾಗಿತ್ತು. ಕೆಲವು ದೇವಾಲಯಗಳಲ್ಲಿ ಕಡೆಯದೆ ಉಳಿದ ಕಲ್ಲುಗಳು ಗೋಡೆಯಲ್ಲಿಯೇ ಇವೆ. ಕೂರಿಸಿದಮೇಲೂ ಕೆತ್ತನೆ ನಡೆಯುತ್ತಿತ್ತೆಂಬುದಕ್ಕೆ ಅವು ಸಾಕ್ಷಿ. ಒಬ್ಬನ ಕೆಲಸ ಮುಗಿಯುವವರೆಗೆ ಮತ್ತೊಬ್ಬನು ಕಾಯಬೇಕಾದ ಕಾರ್ಯಶಾಲೆಯಲ್ಲಿ ಸಮೂಹಪ್ರತಿಭೆಯು ಬೆಳೆಯುವುದು ಕಷ್ಟ. ಇಲ್ಲಿ ಆ ಕಷ್ಟವನ್ನು ವಸ್ತುವೇ ಕಡಮೆಮಾಡಿತು.

ನಡೆಸಿದವರ ಹೆಸರುಗಳೂ ಕೆಲವು ಉಳಿದಿವೆ. ಹಳೆಯಬೀಡಿನ ಹೊಯ್ಸಳೇಶ್ವರ ದೇವಾಲಯದ ತೆಂಕಣ ಬಾಗಿಲಿನಲ್ಲಿ ಒಂದನೆಯ ನರಸಿಂಹನ ಮುಖ್ಯಶಿಲ್ಪಿಯಾದ ಕೇದಾರೋಜನ ಹೆಸರಿದೆ. ಆ ದೇವಾಲಯದ ಅಧಿಷ್ಠಾನದ ಪಟ್ಟಿಕೆಗಳು ಮೇಲ್ವಿಚಾರಣೆಯ ಮತ್ತೊಂದು ರೀತಿಯನ್ನು ತೋರಿಸುತ್ತವೆ. ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣಕಥೆ, ಮಕರ, ಹಂಸ ಎಂದು ಎಂಟು ಸಾಲುಗಳು. ಈ ಕ್ರಮವು ಗೋಡೆಯುದ್ದಕ್ಕೂ ಬದಲಾಗದು. ಆನೆಯ ಸಾಲಿನಲ್ಲಿ ಆನೆಯೇ ಇರಬೇಕು. ಆದರೆ ಆ ಆನೆಯು ಹೇಗೆ ನಡೆಯಬೇಕು, ಸೊಂಡಿಲನ್ನು ಎತ್ತ ಹೊರಳಿಸಬೇಕು ಎಂಬುದು ಕೈಗೆ ಸೇರಿದ ವಿಷಯ. ಸೋಮನಾಥಪುರದಲ್ಲಿ ಪಟ್ಟಿಕೆಗಳು ಆರು. ಕಥೆಯ ಸಾಲಿನಲ್ಲಿ ದಕ್ಷಿಣದ ವಿಮಾನಕ್ಕೆ ರಾಮಾಯಣ, ನಡುವಣದಕ್ಕೆ ಭಾಗವತ, ಉತ್ತರದ್ದಕ್ಕೆ ಮಹಾಭಾರತ ಎಂದು ಹಂಚಿಕೆಯಾಗಿದೆ. ಪ್ರದಕ್ಷಿಣೆ ಬರುವವನಿಗೆ ಕಥೆ ಕ್ರಮವಾಗಿ ತೆರೆಯಬೇಕಾದುದರಿಂದ, ಪಕ್ಕದ ಕಲ್ಲಿನಲ್ಲಿ ನೆರೆಯವನು ಎಲ್ಲಿಗೆ ನಿಲ್ಲಿಸಿದನೆಂಬುದನ್ನು ತಿಳಿಯದೆ ಯಾವ ಶಿಲ್ಪಿಯೂ ಉಳಿಯನ್ನೆತ್ತುವಂತಿರಲಿಲ್ಲ. ಹೀಗೆ ಮದನಿಕೆಯಲ್ಲಿ ಪ್ರತ್ಯೇಕತೆಯೂ ಪಟ್ಟಿಕೆಯಲ್ಲಿ ಪರಸ್ಪರಾವಲಂಬನವೂ ಬೇಕಾದುವು. ಒಂದೇ ಕಟ್ಟಡದಲ್ಲಿ ಎರಡು ಬಗೆಯ ಸಹಕಾರವನ್ನು ನಡೆಸಬೇಕಾಗಿತ್ತು.

ಜೇಮ್ಸ್ ಫರ್ಗುಸನ್ನನು ೧೮೭೬ರಲ್ಲಿ ಪ್ರಕಟವಾದ ತನ್ನ ವಾಸ್ತುಚರಿತ್ರೆಯಲ್ಲಿ ಹಳೆಯಬೀಡನ್ನು ಗ್ರೀಸಿನ ಪಾರ್ಥೆನಾನಿನೊಡನೆ ಹೋಲಿಸಿ, ಒಂದನ್ನು ಬುದ್ಧಿಯ ಸಂಯಮಕ್ಕೂ ಮತ್ತೊಂದನ್ನು ಅಪರಿಮಿತವಾದ ವೈವಿಧ್ಯಕ್ಕೂ ಮೇಲ್ಪಂಕ್ತಿಯಾಗಿ ನಿಲ್ಲಿಸಿದನು. ಈ ಹೋಲಿಕೆಯನ್ನು ನಮ್ಮವರು ಹೆಮ್ಮೆಯಿಂದ ಮತ್ತೆಮತ್ತೆ ಉದ್ಧರಿಸುತ್ತಾರೆ. ಅವನು ಕಂಡ ವೈವಿಧ್ಯವು ನಿಜವಾದುದು. ಆದರೆ ಅದಕ್ಕೆ ಕಾರಣವನ್ನು ಒಂದು ಜನಾಂಗದ ಮನೋಧರ್ಮದಲ್ಲಿ ಹುಡುಕಿದುದು ಅಪೂರ್ಣವಾದ ವಿಮರ್ಶೆ. ಎಂಟು ಸಾಲುಗಳು ಎಲ್ಲಿಯೂ ತಪ್ಪದೆ ಸುತ್ತಿಬರುವ ಕಟ್ಟಡದಲ್ಲಿ ಸಂಯಮವಿಲ್ಲವೆಂದು ಹೇಳುವುದು ಹೇಗೆ? ಅಲ್ಲಿಯ ವೈವಿಧ್ಯವು ಸಂಯಮವನ್ನು ಮೀರಿ ಬಂದುದಲ್ಲ. ಸಂಯಮವು ಕಾದಿಟ್ಟ ಎಡೆಗಳಲ್ಲಿ ಬೆಳೆದುದು.

ಇಷ್ಟನ್ನು ಒಪ್ಪಿದಮೇಲೂ ಈ ವ್ಯವಸ್ಥೆಯು ಎಲ್ಲೆಡೆಯೂ ಒಂದೇ ಆಗಿತ್ತೆಂದು ಹೇಳಲಾಗದು. ಬೇಲೂರಿನ ಅಂಕಿತಗಳಲ್ಲಿ ಕೆಲವು ದೀರ್ಘವಾದವು. ಊರಿನ ಹೆಸರು, ತಂದೆಯ ಹೆಸರು, ಬಿರುದುಗಳು ಎಲ್ಲವನ್ನೂ ಒಳಗೊಂಡವು. ಬಿರುದುಗಳಲ್ಲಿ ಯುದ್ಧವೀರರ ಧೋರಣೆಯಿದೆ. ಬಿರುದಾಂತರಾದ ಇತರ ರೂವಾರಿಗಳು ಮನ್ಮಥನಾದರೆ ತಾನು ಅವನನ್ನು ಸುಟ್ಟ ಶಿವನೆಂಬಂಥ ಹೆಮ್ಮೆ ಅಲ್ಲಿ ಕಾಣುತ್ತದೆ. ದೂರದ ಊರುಗಳಿಂದ ಬಂದ, ಹೆಸರುವಾಸಿಯಾದ, ಪರಸ್ಪರ ಪೈಪೋಟಿಯುಳ್ಳ ಆಚಾರ್ಯರನ್ನು ಒಂದೆಡೆ ಸೇರಿಸಿ, ಒಬ್ಬೊಬ್ಬರಿಗೂ ಬಿಡಿಯಾದ ಒಂದು ಕಲ್ಲನ್ನು ಒಪ್ಪಿಸಿ, ಸ್ಪರ್ಧೆಯು ಜಗಳವಾಗದೆ ಕೃತಿಯಾಗುವಂತೆ ಮಾಡಿದುದು ಬೇಲೂರಿನ ನಾಯಕತ್ವದ ಬಗೆ. ಹದಿಮೂರನೆಯ ಶತಮಾನಕ್ಕೆ ಬಂದರೆ ರೀತಿ ಬೇರೆಯಾಗುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವು ಕ್ರಿ.ಶ. ೧೨೪೬ರದು. ಅಲ್ಲಿ ಉತ್ತರದ ಗೋಡೆಯ ವಿಗ್ರಹಗಳು ಮಲ್ಲಿತಮ್ಮನ ಕೈಯವು, ದಕ್ಷಿಣದವು ಬೈಚೋಜನವು. ಬಿಡಿಗಲ್ಲಿಗೆ ಬದಲಾಗಿ ಅರ್ಧ ಗೋಡೆಯೇ ಒಬ್ಬನ ಹೊಣೆಯಾಯಿತು. ಸೋಮನಾಥಪುರದಲ್ಲಿ ಮಲ್ಲಿತಮ್ಮ, ಮಸಣಿತಮ್ಮ, ಚೌಡೆಯ, ನಂಜಯ ಮೊದಲಾದವರ ಹೆಸರುಗಳಿದ್ದರೂ ಮಲ್ಲಿತಮ್ಮನ ಹೆಸರೇ ಎಲ್ಲರಿಗಿಂತ ಹೆಚ್ಚು ಬಾರಿ, ಸುಮಾರು ೪೦ ವಿಗ್ರಹಗಳ ಕೆಳಗೆ ಬರುತ್ತದೆ. ಕೆಲವೆಡೆ ಪೂರ್ಣವಾಗಿ, ಕೆಲವೆಡೆ ಒಂದೆರಡು ಅಕ್ಷರಗಳಿಗೆ ಮೊಟಕಾಗಿ.

ಫಲದಲ್ಲಿಯೂ ಈ ಭೇದ ಕಾಣುತ್ತದೆ. ಸೋಮನಾಥಪುರದ ದೇವಾಲಯವು ಒಟ್ಟಂದದಲ್ಲಿ ಬೇಲೂರನ್ನು ಮೀರಿದುದು. ಮೂರು ವಿಮಾನಗಳ ಸಮತೂಕ, ಗೋಡೆಗೂ ಶಿಖರಕ್ಕೂ ಇರುವ ಹೊಂದಿಕೆ, ಎಲ್ಲಿಯೂ ಹರಿಯದ ಏಕಸೂತ್ರತೆ ಇವು ಹಲವು ಕೈಗಳು ಒಂದೇ ಕೈಯ ರೀತಿಯನ್ನು ಕಲಿತಿದ್ದುವೆಂಬುದಕ್ಕೆ ಸಾಕ್ಷಿ. ಆದರೆ ಬಿಡಿಬಿಡಿಯಾಗಿ ನೋಡಿದಲ್ಲಿ ಅಲ್ಲಿಯ ದೇವತಾವಿಗ್ರಹಗಳು ನಿಲುವಿನಲ್ಲಿಯೂ ಮುಖಭಾವದಲ್ಲಿಯೂ ಒಂದನ್ನೊಂದು ಬಹಳವಾಗಿ ಹೋಲುತ್ತವೆ. ಆಭರಣಗಳ ಭಾರದಲ್ಲಿ ದೇಹದ ಬಳುಕು ಅಡಗಿಹೋಗುತ್ತದೆ. ಬೇಲೂರಿನ ಮದನಿಕೆಯ ಮುಂದೆ ನಿಲ್ಲುವಂತೆ ಸೋಮನಾಥಪುರದ ಒಂದೇ ವಿಗ್ರಹದ ಮುಂದೆ ನೋಡುವವನು ಬಹಳ ಹೊತ್ತು ನಿಲ್ಲುವುದಿಲ್ಲ. ಅವನ ಕಣ್ಣು ಗೋಡೆಯುದ್ದಕ್ಕೂ ಸಾಗುತ್ತದೆ. ಒಂದು ಕಡೆ ಗಳಿಸಿದುದನ್ನು ಮತ್ತೊಂದು ಕಡೆ ತೆರಬೇಕಾಯಿತು. ಅನೇಕ ಆಚಾರ್ಯರನ್ನು ಅವರವರ ಪಾಡಿಗೆ ಬಿಟ್ಟು ನಡೆಸುವ ರೀತಿಗೂ, ಒಬ್ಬ ಆಚಾರ್ಯನ ರೀತಿಯನ್ನು ಅನೇಕರಿಗೆ ಕಲಿಸಿ ನಡೆಸುವ ರೀತಿಗೂ ಪ್ರತಿಯೊಂದಕ್ಕೂ ಅದರದರ ಸಿದ್ಧಿಯೂ ಅದರದರ ಮಿತಿಯೂ ಉಂಟೆಂದು ಈ ಎರಡು ದೇವಾಲಯಗಳೇ ಹೇಳುತ್ತವೆ.

ಮಲ್ಲಿತಮ್ಮನ ಹೆಸರು ಮತ್ತೊಂದು ಸಮಸ್ಯೆಯನ್ನೂ ಒಡ್ಡುತ್ತದೆ. ಈ ಹೆಸರು ಕ್ರಿ.ಶ. ೧೧೯೬ರ ಅಮೃತಾಪುರದ ಅಮೃತೇಶ್ವರ ದೇವಾಲಯದಿಂದ ೧೨೫೮ರ ಸೋಮನಾಥಪುರದವರೆಗೆ ೬೨ ವರ್ಷಗಳ ಅಂತರದಲ್ಲಿ ಕಂಡುಬರುತ್ತದೆ. ಹದಿನೆಂಟನೆಯ ವಯಸ್ಸಿನಲ್ಲಿ ಅಮೃತಾಪುರದ ಕೆಲಸಕ್ಕೆ ಸೇರಿದವನು ಸೋಮನಾಥಪುರಕ್ಕೆ ಬಂದಾಗ ಎಂಬತ್ತು ವರ್ಷದವನಾಗಿರಬೇಕು. ಅಷ್ಟು ದೀರ್ಘಾಯುವಾದ ಒಬ್ಬನೇ ಶಿಲ್ಪಿಯಿದ್ದುದು ಅಸಾಧ್ಯವಲ್ಲ. ಒಂದೇ ಹೆಸರಿನ ಇಬ್ಬರು, ಉದಾಹರಣೆಗೆ ತಾತ ಮೊಮ್ಮಕ್ಕಳು, ಇದ್ದುದೂ ಅಸಾಧ್ಯವಲ್ಲ. ಇನ್ನು ಮೂರನೆಯ ಊಹೆಯೆಂದರೆ, ಆ ಹೆಸರು ಕಡೆಗೆ ಒಬ್ಬ ವ್ಯಕ್ತಿಯದಾಗಿರದೆ ಅವನ ಕೈಕೆಳಗೆ ಪಳಗಿದ ಒಂದು ತಂಡದ ಗುರುತಾಗಿದ್ದಿರಬಹುದು. ಈ ಮೂರರಲ್ಲಿ ಒಂದನ್ನೇ ಸ್ಥಾಪಿಸಲು ಸಾಕ್ಷ್ಯ ಸಾಲದು. ಆದರೆ ಮೂರನೆಯ ಊಹೆಯನ್ನು ಮೊದಲೇ ತಳ್ಳಿಹಾಕುವುದು ಸರಿಯಲ್ಲ. ಏಕೆಂದರೆ ಹಾಗಿದ್ದಲ್ಲಿ ಬೇಲೂರಿನ ಅಂಕಿತಕ್ಕೂ ಸೋಮನಾಥಪುರದ ಅಂಕಿತಕ್ಕೂ ಅರ್ಥವೇ ಬೇರೆಯಾಗುತ್ತದೆ. ಮೊದಲನೆಯದು ತನ್ನತನದ ಘೋಷಣೆ. ಎರಡನೆಯದು ಒಂದು ಪರಂಪರೆಯ ಮುದ್ರೆ.

ಇಲ್ಲಿ ಎರಡು ಆಕ್ಷೇಪಗಳನ್ನು ಪರಿಹರಿಸಬೇಕು. ಅಂಕಿತಗಳು ಕೂಲಿಯ ಲೆಕ್ಕಕ್ಕಾಗಿ ಹಾಕಿದ ಗುರುತುಗಳೇ ಹೊರತು ಪ್ರತಿಭೆಯ ಮನ್ನಣೆಯಲ್ಲ ಎಂಬುದು ಮೊದಲನೆಯ ಆಕ್ಷೇಪ. ಒಂದೆರಡು ಅಕ್ಷರಗಳ ಮೊಟಕಾದ ಅಂಕಿತಗಳ ವಿಷಯದಲ್ಲಿ ಇದು ನಿಜವಾಗಿರಬಹುದು. ಆದರೆ ತಂದೆಯ ಹೆಸರನ್ನೂ ಹುಟ್ಟೂರನ್ನೂ ಬಿರುದನ್ನೂ ಕೂಲಿಯ ಲೆಕ್ಕಕ್ಕೆ ಬರೆಯಬೇಕಾದ ಅಗತ್ಯವಿಲ್ಲ. ದೇವಾಲಯದ ಗೋಡೆಯು ರಾಜನದೂ ದೇವರದೂ ಆದ ಸ್ಥಳ; ಅಲ್ಲಿ ಕೆಲಸಗಾರನೊಬ್ಬನು ತನ್ನ ಬಿರುದನ್ನು ಕೊರೆಯಬೇಕಾದರೆ ಮೇಲಿನವರ ಅನುಮತಿಯಾಗಲಿ ಕಡೆಗೆ ಅವರ ಔದಾರ್ಯದ ಮೌನವಾಗಲಿ ಇದ್ದಿರಲೇಬೇಕು. ಕಟ್ಟಿಸಿದವನ ಕೀರ್ತಿಶಾಸನವಿರುವ ಅಂಗಳದಲ್ಲಿಯೇ ಕಡೆದವನ ಹೆಸರಿಗೂ ಎಡೆದೊರೆತುದು ನಾಯಕತ್ವದ ಅಲ್ಪವಲ್ಲದ ಗುಣ.

ಎರಡನೆಯ ಆಕ್ಷೇಪವು ಇದಕ್ಕಿಂತ ಗುರುತರವಾದುದು. ಅಂಕಿತಗಳು ಹೆಚ್ಚಾಗಿ ದೊಡ್ಡ ವಿಗ್ರಹಗಳಿಗೆ ಸೇರಿದವು. ಮೈಲಿಗಟ್ಟಲೆ ಆನೆಯನ್ನೂ ಬಳ್ಳಿಯನ್ನೂ ಹಂಸವನ್ನೂ ಕಡೆದವರು, ಗಣಿಯಲ್ಲಿ ಕಲ್ಲನ್ನು ಸೀಳಿದವರು, ಅದನ್ನು ಎಳೆದು ತಂದವರು, ಉಳಿಗಳನ್ನು ಹದಮಾಡಿದ ಕಮ್ಮಾರರು, ಚರಕಿಯಲ್ಲಿ ಕಂಬಗಳನ್ನು ತಿರುಗಿಸಿ ನುಣುಪುಮಾಡಿದವರು ಇವರಾರ ಹೆಸರೂ ಆ ಸಾಲಿನಲ್ಲಿ ನಿಲ್ಲಲಿಲ್ಲ. ಆದುದರಿಂದ ಈ ಕಾರ್ಯಶಾಲೆಯು ಪ್ರತಿಭೆಯನ್ನು ಗುರುತಿಸಿತೆಂಬ ಮಾತಿಗೆ ಒಂದು ಮೇರೆಯನ್ನು ಹಾಕಲೇಬೇಕು. ಅದು ರೂವಾರಿಯನ್ನು ಗುರುತಿಸಿತು; ರೂವಾರಿಗೆ ಆಧಾರವಾದವರನ್ನು ಗುರುತಿಸಲಿಲ್ಲ. ಕಂಬದ ನುಣುಪಿಲ್ಲದೆ ಮದನಿಕೆಯ ಮೆರುಗಿಲ್ಲ, ಪಟ್ಟಿಕೆಯ ಆಧಾರವಿಲ್ಲದೆ ಗೋಡೆಯ ದೇವತೆಗೆ ನಿಲುವಿಲ್ಲ ಎಂಬುದನ್ನು ವಿಮರ್ಶಕನಾದರೂ ಮರೆಯಬಾರದು.

ಬೇಲೂರು, ಹಳೆಯಬೀಡು, ಸೋಮನಾಥಪುರಗಳ ದೇವಾಲಯಗಳು ೨೦೨೩ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಕರ್ನಾಟಕ ಸರ್ಕಾರವು ಶಿಲ್ಪಿಗಳಿಗೆ ಕೊಡುವ ಗೌರವಕ್ಕೆ ಜಕಣಾಚಾರಿಯ ಹೆಸರೇ ಇದೆ. ಐತಿಹ್ಯವನ್ನು ಗೌರವಿಸುವುದರಲ್ಲಿ ತಪ್ಪಿಲ್ಲ. ಒಂದು ಜನತೆಯು ಶಿಲ್ಪಿಯೊಬ್ಬನನ್ನು ರಾಜರಿಗಿಂತ ಹೆಚ್ಚಾಗಿ ನೆನೆಯುವುದು ಆ ಜನತೆಗೆ ಭೂಷಣವೇ ಸರಿ. ಆದರೆ ಆ ಒಂದು ಹೆಸರು ಕಲ್ಲಿನಲ್ಲಿ ಕೊರೆದಿರುವ ಹತ್ತಾರು ಹೆಸರುಗಳಿಗೆ ಮರೆಯಾಗಿ ನಿಂತರೆ ಅದು ಅನ್ಯಾಯ. ದೇವಾಲಯವನ್ನು ನೋಡಲು ಬಂದ ಬಾಲಕನಿಗೆ ಮಗನ ಮುಂದೆ ಸೋತು ಕೈ ಕಡಿದುಕೊಂಡ ತಂದೆಯ ಕಥೆಯೊಡನೆ, ಮಗನ ಪಕ್ಕದಲ್ಲಿ ನಿಂತು ಕಡೆದ ದಾಸೋಜನ ಹೆಸರನ್ನೂ ಪೀಠದ ಮೇಲೆ ಬೆರಳಿಟ್ಟು ತೋರಿಸಬೇಕು. ಅಂಕಿತವಿರುವ ಪ್ರತಿಯೊಂದು ವಿಗ್ರಹದ ಬಳಿಯೂ ಅದರ ಓದು ಕನ್ನಡದಲ್ಲಿ ದೊರೆಯುವಂತೆ ಮಾಡುವುದು ಬಹಳ ವೆಚ್ಚದ ಕೆಲಸವೇನಲ್ಲ.

ಪ್ರಯೋಜನವು ಶಿಲ್ಪಕ್ಕೆ ಮಾತ್ರ ಸಲ್ಲತಕ್ಕದ್ದಲ್ಲ. ನಾಟಕಮಂಡಲಿಯಲ್ಲಿ, ಅಚ್ಚುಕೂಟದಲ್ಲಿ, ನಿಘಂಟಿನ ಕಚೇರಿಯಲ್ಲಿ, ಅನೇಕರು ಕೂಡಿ ಒಂದನ್ನು ನಿರ್ಮಿಸುವ ಯಾವ ಸ್ಥಳದಲ್ಲಿಯೇ ಆಗಲಿ, ನಡೆಸುವವನ ಮುಂದೆ ಇರುವ ಪ್ರಶ್ನೆಗಳು ಹೊಯ್ಸಳ ಸೂತ್ರಧಾರಿಯ ಮುಂದೆ ಇದ್ದವುಗಳೇ. ಯಾವುದು ಎಲ್ಲರಿಗೂ ಒಂದೇ ಆಗಿರಬೇಕು, ಯಾವುದು ಒಬ್ಬೊಬ್ಬನದೂ ಆಗಿರಬಹುದು, ಮಾಡಿದವನ ಹೆಸರಿಗೆ ಎಲ್ಲಿ ಸ್ಥಳ ಎಂಬ ಈ ಮೂರನ್ನು ಆತನು ಕೆಲಸ ಆರಂಭವಾಗುವ ಮೊದ
ಲೇ ಗೊತ್ತುಮಾಡಬೇಕು. ಕಟ್ಟಡವು ಎದ್ದಮೇಲೆ ಗೋಡೆಗೆ ಹೊಸ ಮುಖಗಳನ್ನು ಕೂಡಿಸಲು ಬರುವುದಿಲ್ಲ. ಹೊಯ್ಸಳ ಸೂತ್ರಧಾರಿಗಳು ಮೊದಲನೆಯ ಎರಡನ್ನು ಬಹುಮಟ್ಟಿಗೆ ಸರಿಯಾಗಿ ಗೊತ್ತುಮಾಡಿದರು. ಮೂರನೆಯದನ್ನು ಅರ್ಧ ಮಾಡಿ ಬಿಟ್ಟರು. ಉಳಿದರ್ಧವು ಬಳಿಕ ಬಂದವರ ಪಾಲಿನ ಕೆಲಸ.